ಒಳಕ್ಕೆ ಕೆತ್ತಿದ ನಾಲ್ಕು ಮುಖ

ನನ್ನ ಮೊಮ್ಮಗಳು ಹುಟ್ಟಿದ್ದು ಪಾಂಡವಪುರದ ಆಸ್ಪತ್ರೆಯಲ್ಲಿ, ಬೆಳಿಗ್ಗೆ ಹತ್ತೂವರೆಗೆ. ಮೂರು ಕೇಜಿಗೆ ಚೂರು ಕಡಿಮೆ, ತಲೆ ತುಂಬ ಕಪ್ಪು ಕೂದಲು, ಬಲಗೈ ಮುಷ್ಟಿ ಬಿಗಿಯಾಗಿ ಹಿಡಿದುಕೊಂಡೇ ಬಂದಳು. ಇದನ್ನು ಹೇಳದೆ ನನಗೆ ಯಾವ ಮಾತನ್ನೂ ಶುರು ಮಾಡಲು ಬರುವುದಿಲ್ಲ. ಥರ್ಮಾಕೋಲಿನ ಕೆಲಸದ ಬಗ್ಗೆ ಬರೆದುಕೊಡಿ ಎಂದು ಕೇಳಿದವರಿಗೂ ಮೊದಲು ಇದನ್ನೇ ಹೇಳಿದೆ, ಅವರು ನಕ್ಕರು. ಆದರೆ ಆ ಕೂಸು ಹುಟ್ಟಿದ ಹನ್ನೊಂದು ದಿನದಲ್ಲೇ ನಾನು ಕೆತ್ತಿದ್ದು ನನ್ನದಲ್ಲ ಎಂದಾಯಿತು. ಹಾಗಾಗಿ ಎರಡನ್ನೂ ಒಟ್ಟಿಗೇ ಹೇಳಬೇಕು. ಸಂತೋಷ ಇಷ್ಟು ದೊಡ್ಡದು, ನೋವು ಅದರ ಪಕ್ಕದಲ್ಲೇ ಕೂತಿದೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನೂ, ಮಂಟಪದವನು ಎಂದು ನಾನು ಕರೆಯುವ ಒಬ್ಬನೂ ಆಗ ಒಂಬತ್ತು ವರ್ಷದಿಂದ ಜೊತೆಗೆ ಕೆಲಸ ಮಾಡುತ್ತಿದ್ದೆವು. ಮದುವೆ ಮನೆಗಳಿಗೆ ಥರ್ಮಾಕೋಲಿನ ಮಂಟಪ ಮಾಡುವುದು. ಆರ್ಡರು ಹಿಡಿಯುವುದು, ಬಿದಿರ ಗಳು ಕಟ್ಟುವುದು, ಬಣ್ಣ ಬಳಿಯುವುದು ಅವನ ಕೆಲಸ. ಕೊರೆಯುವುದು ನನ್ನದು. ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಅಕ್ಕ ಎನ್ನುತ್ತಿದ್ದ. ಒಡಹುಟ್ಟಿದ ತಮ್ಮ ಇಲ್ಲದ ನನಗೆ ಗೌರಿ ಹಬ್ಬಕ್ಕೆ ತಪ್ಪದೆ ಕುಪ್ಪಸದ ಕಣ ತಂದುಕೊಡುತ್ತಿದ್ದ.

ಶ್ರೀರಂಗಪಟ್ಟಣದ ಹತ್ತಿರ, ಮೈಸೂರಿಗೆ ಹೋಗುವ ರಸ್ತೆ ಬದಿಯ ತೆಂಗಿನ ತೋಟದಲ್ಲಿ ಒಬ್ಬರು ಹೊಸ ಹೋಟೆಲು ಕಟ್ಟಿಸುತ್ತಿದ್ದರು. ಯಜಮಾನರು ಬಹಳ ವರ್ಷ ಹಡಗಿನಲ್ಲಿ ಅಡಿಗೆ ಮಾಡಿ ಬಂದವರು. ಒಂದು ಬಣ್ಣದ ಪುಸ್ತಕ ಬಿಚ್ಚಿ ನಮ್ಮ ಮುಂದೆ ಇಟ್ಟರು. ಅದರಲ್ಲಿ ಮರದ ದಿಮ್ಮಿಯಿಂದ ಎದ್ದುಬಂದ ಹಾಗೆ ಉದ್ದುದ್ದ ಮುಖಗಳು. ದಪ್ಪ ಹುಬ್ಬು, ಅಗಲ ಮೂಗು, ಹಲ್ಲು ಕಿರಿದ ಬಾಯಿ. ದೂರದ ಸಮುದ್ರದ ದ್ವೀಪಗಳ ಜನ ತಮ್ಮ ಹಿರಿಯರನ್ನು ಹೀಗೆ ಕೆತ್ತಿ ನಿಲ್ಲಿಸುತ್ತಾರಂತೆ. ಟಿಕಿ ಎಂದು ಹೆಸರು.

"ಮರದಲ್ಲಿ ಮಾಡ್ಸಿದ್ರೆ ವರ್ಷ ಹಿಡೀತದೆ. ನಂಗೆ ಎರಡು ತಿಂಗಳಲ್ಲಿ ಓಪನಿಂಗು. ಥರ್ಮಾಕೋಲಲ್ಲಿ ಆಗ್ತದಾ?" ಎಂದು ಯಜಮಾನರು ಕೇಳಿದರು.

"ಆಯ್ತದೆ ಬುಡಿ ಸಾರ್. ನಮ್ಮಕ್ಕ ಥರ್ಮಾಕೋಲಲ್ಲಿ ಆನೇನೇ ನಿಲ್ಸವ್ರೆ," ಎಂದ ಮಂಟಪದವನು.

ಆ ಮಾತು ಅವನ ಬಾಯಿಂದಲೇ ಬಂದದ್ದು. ಅದಕ್ಕೇ ಬರೆದಿಟ್ಟೆ.

ನಾಲ್ಕು ಟಿಕಿ, ಒಂದೊಂದೂ ಆಳೆತ್ತರ. ಮನೆಯಲ್ಲಿ ಹಿಡಿಸುವಂಥದ್ದಲ್ಲ. ಪಾಂಡವಪುರದ ಹೊರಗೆ ಕಬ್ಬು ಅರೆಯುವುದು ನಿಂತುಹೋಗಿದ್ದ ಒಂದು ಆಲೆಮನೆಯನ್ನು ಕೇಳಿಕೊಂಡೆವು. ಬೆಲ್ಲದ ವಾಸನೆ ಇನ್ನೂ ಗೋಡೆಯಲ್ಲಿತ್ತು, ಇರುವೆಯೂ ಇತ್ತು. ನಾಲ್ಕಿಂಚು ದಪ್ಪದ ಹಲಗೆಗಳನ್ನು ಮೈಸೂರಿನಿಂದ ತರಿಸಿ, ಒಂದರ ಮೇಲೊಂದು ಅಂಟಿಸಿ ದಿಮ್ಮಿ ಮಾಡಬೇಕು. ಅಂಟಿಗೆ ಮೈದಾ ಕಾಯಿಸಿ, ಹುಳ ಹಿಡಿಯದಿರಲೆಂದು ಚೂರು ಮೈಲುತುತ್ತ ಹಾಕುತ್ತಿದ್ದೆ. ಮದುವೆ ಮಂಟಪಕ್ಕೆ ಎರಡು ಹಲಗೆ ಅಂಟಿಸಿದರೆ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಇಲ್ಲಿ ಆರು ಹಲಗೆ. ಮೂರು ದಿನ ಬಿಟ್ಟು ಎತ್ತಿ ನಿಲ್ಲಿಸಿದರೆ ನಡುವಿನದು ಹಸಿಯಾಗೇ ಇದ್ದು, ಮೇಲಿನ ಅರ್ಧ ಮೆಲ್ಲಗೆ ಜಾರಿ ಕೂತಿತು. ಥರ್ಮಾಕೋಲಿನೊಳಕ್ಕೆ ಗಾಳಿ ಹೋಗುವುದಿಲ್ಲ, ಹೇಗೆ ಒಣಗೀತು? ಎಲ್ಲ ಬಿಚ್ಚಿ, ಅಂಟು ಚುಕ್ಕಿ ಚುಕ್ಕಿಯಾಗಿ ಇಟ್ಟು, ನಡುವೆ ಬಿದಿರ ಕಡ್ಡಿ ಚುಚ್ಚಿ ಕೂರಿಸಿದೆ. ಆಮೇಲೆ ನಿಂತಿತು.

ದಪ್ಪ ಕೆಲಸಕ್ಕೆ ಬಿಸಿ ತಂತಿ. ಹೀಟರಿನ ಸುರುಳಿಯನ್ನು ನೀಳವಾಗಿ ಎಳೆದು ಬಿದಿರ ಬಿಲ್ಲಿಗೆ ಬಿಗಿದು, ಕರೆಂಟು ಕಡಿಮೆ ಮಾಡುವ ಪೆಟ್ಟಿಗೆಯ ಮೂಲಕ ಕೊಟ್ಟರೆ ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ. ನಿಂತ ಕಡೆ ತಂತಿ ನಿಂತರೆ ಗುಂಡಿ ಬೀಳುತ್ತದೆ, ಕೈ ನಡೆಯುತ್ತಲೇ ಇರಬೇಕು. ಕರೆಂಟು ಹೋದಾಗ ಗರಗಸದ ಬ್ಲೇಡನ್ನು ಕಲ್ಲಿಗೆ ತಿಕ್ಕಿ ಮಾಡಿಕೊಂಡ ಚಾಕು. ಅದಕ್ಕೆ ಸೋಪು ಸವರಿಕೊಂಡರೆ ಥರ್ಮಾಕೋಲಿನ ಕಾಳು ಕಿತ್ತುಬರುವುದಿಲ್ಲ. ಬಿಳೀ ಕಾಳು ಸೀರೆಗೆ, ತಲೆಗೆ, ಹುಬ್ಬಿಗೆ ಅಂಟಿಕೊಂಡು, ಎಷ್ಟು ಕೊಡವಿದರೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಜನ ನನ್ನ ಪಕ್ಕ ಕೂರಲು ಯೋಚಿಸುತ್ತಿದ್ದರು.

ಬಯಲಲ್ಲಿ ನಿಲ್ಲುವ ಮೂರ್ತಿಗೆ ನೀರಿನ ಬಣ್ಣ ನಿಲ್ಲದು. ಮೊದಲು ಒಂದು ಸಣ್ಣ ಕಂಬ ಮಾಡಿ, ಹಳೇ ಹತ್ತಿ ಸೀರೆಯ ಬಟ್ಟೆ ಅಂಟಿನಲ್ಲಿ ಅದ್ದಿ ಹೊದಿಸಿ, ಅದರ ಮೇಲೆ ಎಣ್ಣೆ ಬಣ್ಣ ಬಳಿದು ನೋಡಿದೆವು. ಮರದ ಹಾಗೇ ಕಂಡಿತು. ಎರಡು ದಿನ ಬಿಟ್ಟು ಬೆರಳಿಟ್ಟರೆ ಬೆರಳು ಒಳಕ್ಕೇ ಹೋಯಿತು. ಬಟ್ಟೆ ಕೂಡದ ಒಂದು ಸಂದಿಯಲ್ಲಿ ಬಣ್ಣಕ್ಕೆ ಬೆರೆಸಿದ ತಿನ್ನರು ಇಳಿದು, ಒಳಗಿನ ಥರ್ಮಾಕೋಲನ್ನೆಲ್ಲ ತಿಂದುಬಿಟ್ಟಿತ್ತು. ಹೊರಗಿನ ಸಿಪ್ಪೆ ಮಾತ್ರ ನೆಟ್ಟಗಿತ್ತು. ಅಲ್ಲಿಂದ ಮುಂದೆ ಎರಡು ಪದರ ಬಟ್ಟೆ, ಅದರ ಮೇಲೆ ಸಿಮೆಂಟು ತಿಳಿ, ಆಮೇಲೆ ಬಣ್ಣ ಎಂದು ತೀರ್ಮಾನಿಸಿದೆವು.

ಆಮೇಲೆ ಮುಖ. ಅಲ್ಲಿ ನಾನು ಮಾಡಿದ ತಪ್ಪನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ.

ನಮ್ಮಪ್ಪ ಕೆ.ಆರ್. ಪೇಟೆ ಕಡೆಯವರು. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಮರದ ಅಚ್ಚು ಕೆತ್ತುತ್ತಿದ್ದರು. ನಾನು ಚಾಕು ಹಿಡಿದದ್ದೂ ಅವರ ಪಕ್ಕದಲ್ಲೇ. ಅಚ್ಚಿನಲ್ಲಿ ಎಲ್ಲ ತಿರುಗುಮುರುಗು. ಸಕ್ಕರೆಯಲ್ಲಿ ಉಬ್ಬಬೇಕಾದದ್ದು ಮರದಲ್ಲಿ ತಗ್ಗಬೇಕು. ಮೂಗು ಎಲ್ಲಕ್ಕಿಂತ ಆಳ. ಮಂಟಪದ ಬಳ್ಳಿ, ನವಿಲು ಎಲ್ಲ ಚಪ್ಪಟೆ ಕೆಲಸವಾದ್ದರಿಂದ ಇದು ಒಂಬತ್ತು ವರ್ಷ ತೊಂದರೆ ಕೊಟ್ಟಿರಲಿಲ್ಲ. ಈಗ ದೊಡ್ಡ ಮುಖದ ಮುಂದೆ ಕೂತದ್ದೇ ಕೈ ತನಗೆ ತಿಳಿದ ದಾರಿ ಹಿಡಿಯಿತು. ಎರಡು ದಿನ ತಲೆಯೆತ್ತದೆ ಕೊರೆದೆ. ಎದ್ದು ನಿಂತು ನೋಡಿದರೆ ಮೂಗು ಮೊಳದುದ್ದ ಒಳಗೆ ಹೋಗಿದೆ.

"ಇದೇನಕ್ಕ ಇಂಗ್ ಮಾಡ್ಬುಟ್ಟೆ? ನಮ್ಮ ಟಿಕಪ್ಪ ಮೂತಿ ಒಳಿಕ್ಕೆ ಎಳ್ಕೊಬುಟ್ಟವ್ನಲ್ಲ," ಎಂದು ಮಂಟಪದವನು ಹೊಟ್ಟೆ ಹಿಡಿದು ನಕ್ಕ.

"ನಗ್ಬೇಡ ಕಣ್ಲಾ. ಒಂದು ದಿಮ್ಮಿ ಹಾಳಾಯ್ತು," ಎಂದೆ. ಅಳು ಬರುವ ಹಾಗಿತ್ತು.

ಆ ದಿಮ್ಮಿಯನ್ನು ಗೋಡೆಗೆ ಒರಗಿಸಿ ಇನ್ನೊಂದಕ್ಕೆ ಕೂತೆ. ಮಧ್ಯಾಹ್ನ ನೀರು ಕುಡಿಯಲು ಎದ್ದು ಬಾಗಿಲ ಕಡೆ ನಡೆದರೆ, ಆ ಮುಖ ನನ್ನ ಕಡೆ ತಿರುಗಿತು. ನಿಂತೆ, ಅದೂ ನಿಂತಿತು. ಹಿಂದಕ್ಕೆ ಬಂದೆ, ಅದೂ ಜೊತೆಗೆ ಬಂತು. ಒಳಗೆ ಹೋಗಿದ್ದ ಮೂಗು ಹೊರಗೆ ಬಂದು ನಿಂತಿತ್ತು. ಹತ್ತಿರ ಹೋಗಿ ಕೈಯಿಟ್ಟರೆ ಬರೀ ತಗ್ಗು.

ಅರ್ಧ ದಿನ ಅದನ್ನೇ ನೋಡಿಕೊಂಡು ಕೂತೆ. ನೆಲದ ತುಂಬ ಬಿದ್ದಿದ್ದ ಬಿಳೀ ಕಾಳಿನಿಂದ ಬಿಸಿಲು ಮೇಲಕ್ಕೆ ಹೊಡೆಯುತ್ತಿತ್ತು. ನೆಲ ಗುಡಿಸಿದೆ. ಮುಖ ಮತ್ತೆ ತಗ್ಗಾಗಿಯೇ ಕಂಡಿತು. ಗುಡಿಸಿದ್ದನ್ನು ತಂದು ಹರವಿದೆ, ಉಬ್ಬಿ ಬಂತು. ಬೆಳಕು ಕೆಳಗಿನಿಂದ ಬರಬೇಕು, ನೋಡುವವರು ಹತ್ತು ಹೆಜ್ಜೆ ದೂರ ಇರಬೇಕು. ಇಷ್ಟೇ ಗುಟ್ಟು. ಮಂಟಪದವನನ್ನು ಕರೆದು ಎಲ್ಲ ತೋರಿಸಿದೆ. ನಗುತ್ತಿದ್ದವನು ಬಾಯಿ ಮುಚ್ಚಿಕೊಂಡ.

ಮಾರನೇ ದಿನ ಯಜಮಾನರೇ ಆಲೆಮನೆಗೆ ಬಂದರು. ಬಾಗಿಲಿನಿಂದ ಒಳಕ್ಕೆ ಬಂದು, ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದರು. ಆಮೇಲೆ ಚಿಕ್ಕ ಹುಡುಗನ ಹಾಗೆ ಆ ಕಡೆ ಈ ಕಡೆ ಓಡಾಡಿ ನೋಡಿದರು.

"ನಾಲ್ಕೂ ಹೀಗೇ ಮಾಡಿ. ಆಮೇಲೆ ಗೇಟಿಗೆ ಇದರ ಎರಡರಷ್ಟು ದೊಡ್ಡದು ಒಂದು. ಮಾಡಿದವರ ಹೆಸರು ಕಲ್ಲಲ್ಲಿ ಕೆತ್ತಿಸಿ ಕೆಳಗೆ ನಿಲ್ಲಿಸ್ತೀನಿ," ಎಂದು ಮಂಟಪದವನ ಕೈ ಹಿಡಿದು ಕುಲುಕಿದರು.

ನಾನು ಕಾಳು ಮೆತ್ತಿಕೊಂಡು, ಕೈಯಲ್ಲಿ ಚಾಕು ಹಿಡಿದು ನೆಲದಲ್ಲಿ ಕೂತಿದ್ದೆ. ಕೈ ಕುಲುಕಿದ್ದು ಯಾರಿಗೆ ಎಂದು ಅವತ್ತು ಯೋಚನೆಯೇ ಬರಲಿಲ್ಲ. ಹೆಸರು ಎಂಬ ಮಾತು ಮಾತ್ರ ಕಿವಿಯಲ್ಲಿ ಕೂತಿತು. ನಮ್ಮಪ್ಪ ಆಯುಷ್ಯವೆಲ್ಲ ಅಚ್ಚು ಕೆತ್ತಿದರು, ಒಂದರ ಮೇಲೂ ಅವರ ಹೆಸರಿಲ್ಲ. ಮಂಟಪದ ಮೇಲೆ ನಾನು ಕೊರೆದ ಹೆಸರೆಲ್ಲ ಮದುವೆ ಗಂಡಿನದು, ಹೆಣ್ಣಿನದು. ನಾಲ್ಕನೇ ಕ್ಲಾಸಿಗೆ ಬಿಟ್ಟವಳು ನಾನು. ನನ್ನ ಹೆಸರು ಕಲ್ಲಿನಲ್ಲಿ, ರಸ್ತೆ ಬದಿಯಲ್ಲಿ. ಮನೆಗೆ ಹೋಗಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದ ಮಗಳಿಗೆ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು, "ಅವ್ವ, ಒಳಗಿರೋದೂ ಕುಣೀತೈತೆ ನೋಡು," ಎಂದಳು.

ಒಂದು ತಿಂಗಳು ನಿಂತು ಕೆತ್ತಿದೆ. ನಾಲ್ಕೂ ಮುಖ ಒಳಕ್ಕೆ, ಒಂದರ ಹಾಗೆ ಒಂದಿಲ್ಲ. ಕಣ್ಣು ಮಾತ್ರ ಬಿಟ್ಟಿದ್ದೆ. ಅಚ್ಚಿನವರು ಕಣ್ಣನ್ನು ಕಡೆಗೆ, ಎಲ್ಲ ಮುಗಿದ ಮೇಲೆ ಒಂದೇ ದಿನ ಕೂತು ತೆಗೆಯುವುದು.

ಅಷ್ಟರಲ್ಲಿ ಹುಟ್ಟಿದಳು ನನ್ನ ಬಂಗಾರ. ನರ್ಸಮ್ಮ ತಂದು ಕೈಗೆ ಕೊಟ್ಟಾಗ ನನ್ನ ಮೊಣಕೈಯಲ್ಲಿ ಒಂದು ಬಿಳೀ ಕಾಳು ಅಂಟಿತ್ತು. ಅದು ಕೂಸಿನ ಕೆನ್ನೆಗೆ ಅಂಟಿಕೊಂಡಿತು. ಊದಿದೆ, ಹಾರಿತು. ಕೂಸು ಕಣ್ಣು ಬಿಟ್ಟಿತು. ನಾನು ಆಸ್ಪತ್ರೆಯಲ್ಲಿ ಸಿಕ್ಕಿದವರಿಗೆಲ್ಲ ಸಕ್ಕರೆ ಹಂಚಿದೆ, ಪರಿಚಯ ಇಲ್ಲದವರಿಗೂ.

ಕೂಸು ಹುಟ್ಟಿದ ಮನೆಗೆ ಹನ್ನೊಂದು ದಿನ ಪುರುಡು, ಅಂದರೆ ಮೈಲಿಗೆ. ಪುರುಡಿರುವ ಮನೆಯವರು ಮುಖಕ್ಕೆ ಉಳಿ ಹಾಕಬಾರದು ಎಂಬುದು ನಮ್ಮಪ್ಪ ನಡೆಸಿಕೊಂಡು ಬಂದದ್ದು. ಮನೆಯಲ್ಲಿ ಒಂದು ಮುಖ ಹೊಸದಾಗಿ ಕಣ್ಣು ಬಿಟ್ಟಿರುವಾಗ ಇನ್ನೊಂದಕ್ಕೆ ಕಣ್ಣು ತೆಗೆಯಬಾರದು ಎನ್ನುತ್ತಿದ್ದರು. ದಿನ ಎಣಿಸಿ ನೋಡಿದೆ. ಪುರುಡು ಕಳೆದ ಮೇಲೂ ಓಪನಿಂಗಿಗೆ ಎಂಟು ದಿನ ಉಳಿಯುತ್ತಿತ್ತು. ಮಂಟಪದವನು ಕೂಸನ್ನು ನೋಡಲು ಬಂದಾಗ ಹೇಳಿದೆ.

"ಬೆನ್ನಿಗೆಲ್ಲ ಬಟ್ಟೆ ಹೊದಿಸಿಡು ತಮ್ಮ. ಮುಖ ಮುಟ್ಬೇಡ. ಹನ್ನೆರಡನೇ ದಿನಕ್ಕೆ ಬಂದು ಕಣ್ಣು ತೆಗೀತೀನಿ."

"ನೀನು ಕೂಸು ಆಡಿಸ್ಕೊಂಡಿರಕ್ಕ. ನಾನಿಲ್ವಾ?" ಎಂದ. ತೊಟ್ಟಿಲಿಗೆ ಕಟ್ಟಲು ಥರ್ಮಾಕೋಲಿನ ಗಿಳಿ ತಂದಿದ್ದ.

ಹನ್ನೆರಡನೇ ದಿನ ತಲೆಗೆ ಎರೆದುಕೊಂಡು, ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ, ಒಂದು ಡಬ್ಬಿ ತುಂಬ ಸಿಹಿ ಹಿಡಿದು ಆಲೆಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಏನೂ ಇರಲಿಲ್ಲ. ನೆಲ ಗುಡಿಸಿಟ್ಟಿದ್ದರು. ಪಕ್ಕದ ಗದ್ದೆಯವರು, "ಟ್ರಾಕ್ಟರಲ್ಲಿ ಏರ್ಕೊಂಡು ಓದ್ರಲ್ಲವ್ವ, ನಾಕು ದಿನ ಆಯ್ತು," ಎಂದರು.

ಅಲ್ಲಿಂದ ಬಸ್ಸು ಹತ್ತಿ ಹೋಟೆಲಿಗೆ ಹೋದೆ. ತೆಂಗಿನ ಗರಿಯ ಚಪ್ಪರದಡಿ ನಾಲ್ಕೂ ನಿಂತಿದ್ದವು. ಬುಡದಲ್ಲಿ ಒಂದೊಂದು ದೀಪ, ನಾನು ಹೇಳಿದ್ದ ಹಾಗೇ. ಕಣ್ಣು ಕೊರೆದಿರಲಿಲ್ಲ, ಬಣ್ಣದಲ್ಲಿ ಬರೆದಿದ್ದರು. ಮದುವೆ ಮಂಟಪದ ನವಿಲಿಗೆ ಮಂಟಪದವನು ಬರೆಯುವ ಗುಂಡು ಕಣ್ಣು, ರೆಪ್ಪೆ ಸಮೇತ. ಪಕ್ಕದಲ್ಲಿ ಮೊಳದೆತ್ತರದ ಕರೀ ಕಲ್ಲು. ಅದರ ಮೇಲೆ ಶಿಲ್ಪಿ ಎಂದು ಬರೆದು ಅವನ ಹೆಸರು.

ಅವನು ಏಣಿಯ ಮೇಲೆ ಗರಿ ಕಟ್ಟುತ್ತಿದ್ದ. ನನ್ನನ್ನು ನೋಡಿ ಇಳಿಯಲಿಲ್ಲ.

"ಇಳಿ ಕೆಳಿಕ್ಕೆ," ಎಂದೆ.

ಇಳಿದ. "ಅಕ್ಕ, ಬೈಬೇಡ. ಯಜಮಾನ್ರು ಕಲ್ಲಿಗೆ ಯಾವ ಹೆಸ್ರು ಅಂತ ಕೇಳುದ್ರು. ನಿಂದೇ ಏಳಾನ ಅಂತಿದ್ದೆ. ಆಮೇಕೆ ಯೋಚ್ನೆ ಆಯ್ತು, ನೀನು ಪುರುಡಲ್ಲಿದ್ದೀಯ. ಪುರುಡಲ್ಲಿರೋರ ಹೆಸ್ರ ಹೊಸ ಕಲ್ಲಿಗೆ ಆಕ್ಸುದ್ರೆ ನಾಳೆ ಓಟ್ಲಿಗೇ ಕೆಟ್ದಾಗದಾ?"

ನಮ್ಮಪ್ಪನ ಕಟ್ಟಳೆಯನ್ನು ನಾನೇ ಅವನಿಗೆ ಹೇಳಿದ್ದೆ. ಅದನ್ನೇ ಹಿಡಿದು ನನಗೆ ಹೊಡೆದ. ಹೆಸರು ಬರೆಸಿಕೊಂಡದ್ದಕ್ಕಿಂತ ಅದೇ ಹೆಚ್ಚು ನೋಯಿತು. ಕೂಲಿಯಲ್ಲಿ ಅವನು ಮೋಸ ಮಾಡಲಿಲ್ಲ, ನನ್ನ ಪಾಲನ್ನು ಪೂರ್ತಿ ಕೊಟ್ಟ. ಅದನ್ನು ಹೇಳದಿದ್ದರೆ ನನಗೇ ತಪ್ಪಾಗುತ್ತದೆ.

"ಇನ್ನೂ ಎಂಟು ದಿನ ಐತಲ್ಲಪ್ಪ. ಕಾಯಕ್ಕೆ ಏನಾಗಿತ್ತು?" ಎಂದು ಕೇಳಿದೆ. ಅವನು ಕೈಯಲ್ಲಿದ್ದ ಹುರಿಯನ್ನು ಸುತ್ತುತ್ತಾ ನಿಂತ.

ಯಜಮಾನರ ಹತ್ತಿರ ಹೋದೆ. ಸಿಹಿ ಡಬ್ಬಿ ಇನ್ನೂ ಕೈಯಲ್ಲೇ ಇತ್ತು. ಮೊದಲು ಸಿಹಿ ಕೊಟ್ಟೆ, ಮೊಮ್ಮಗಳು ಹುಟ್ಟಿದಳು ಎಂದೆ. ಅವರು ನಕ್ಕು ಒಂದು ತೆಗೆದುಕೊಂಡರು. ಆಮೇಲೆ ಕಲ್ಲಿನ ಮಾತು ಎತ್ತಿದೆ.

"ನನ್ನ ಕೈಯಲ್ಲಿ ಚಾಕು ಇದ್ದದ್ದು ನೀವೇ ನೋಡಿದ್ದೀರಲ್ಲ ಸ್ವಾಮಿ."

"ನೋಡಿದೀನಮ್ಮ. ನೀವು ಅವನ ಜೊತೆ ಸಹಾಯಕ್ಕೆ ಬರೋರು ಅಂದ್ಕೊಂಡಿದ್ದೆ. ಬಿಸಿ ತಂತಿ, ಕೆಳಗಿನ ದೀಪ, ಎಲ್ಲ ಅವನೇ ವಿವರಿಸಿದ. ನೀವು ಕೆಲಸ ಬಿಟ್ಟು ಮನೆ ಸೇರಿದ್ರಿ ಅಂತಾನೂ ಹೇಳಿದ." ಮೊದಲ ದಿನದ ಆನೆಯ ಮಾತು ಅವರಿಗೆ ನೆನಪಿದ್ದ ಹಾಗೆ ಕಾಣಲಿಲ್ಲ. "ಈಗ ಕಲ್ಲು ಆಗೋಗಿದೆ. ಓಪನಿಂಗ್ ಹತ್ರ ಬಂದಾಗ ಯಾರದು ಸರಿ ಅಂತ ನಾನು ಪಂಚಾಯ್ತಿ ಮಾಡಕ್ಕಾಗಲ್ಲ," ಎಂದರು. ಇನ್ನೊಂದು ಸಿಹಿ ತೆಗೆದುಕೊಂಡರು. ಚೆನ್ನಾಗಿದೆ ಎಂದರು.

ಅವತ್ತು ಬಸ್ಸಿನಲ್ಲಿ ಅಳಲಿಲ್ಲ. ಮನೆಗೆ ಬಂದು ಕೂಸನ್ನು ಎತ್ತಿಕೊಂಡಾಗ ಅಳು ಬಂತು. ಮಗಳು, "ಬಾಣಂತಿ ಮುಂದೆ ಅಳಬಾರ್ದು ಕಣವ್ವ," ಎಂದು ತಾನೂ ಅತ್ತಳು.

ಓಪನಿಂಗು ಆಗಿ ತಿಂಗಳು ಕಳೆದಿರಬೇಕು. ಮಧ್ಯಾಹ್ನ ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಎರೆಯುತ್ತಿದ್ದೆ. ಎಣ್ಣೆ ಮೈ, ಎರಡು ಕೈಯೂ ಬಿಡುವ ಹಾಗಿಲ್ಲ. ಹಿತ್ತಲ ಬಾಗಿಲಲ್ಲಿ ಮಂಟಪದವನು ಬಂದು ನಿಂತ.

"ಅಕ್ಕ, ಗೇಟಿನ ಮುಖ ಕೂರ್ತಾ ಇಲ್ಲ," ಎಂದ.

"ನೀರು ಸಿಡೀತದೆ, ದೂರ ನಿಂತ್ಕ."

"ಮೂರು ದಿಮ್ಮಿ ಕೆಡಿಸ್ದೆ. ಒಳಿಕ್ಕೆ ಕೊರೆಯಕ್ಕೆ ಓದ್ರೆ ಮೂಗು ಎಲ್ಲೋ ಬಾಯೆಲ್ಲೋ ಆಯ್ತದೆ. ದಿಮ್ಮೀನ ಇಲ್ಲಿಗೇ ತಂದಾಕ್ತೀನಿ. ನೀನು ಮನೇಲೇ ಕೂತು ಕೆತ್ಕೊಡು, ಯಾರ್ಗೂ ಗೊತ್ತಾಗದೇ ಬೇಡ."

ಆ ಗೇಟಿನ ಮುಖವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಕೊರೆದಿದ್ದೆನೋ. ಹುಬ್ಬು ಎಲ್ಲಿಂದ ಶುರುವಾಗಬೇಕು, ಮೂಗು ಎಷ್ಟು ಮೊಳ ಇಳಿಯಬೇಕು, ಎಲ್ಲ ಲೆಕ್ಕ ಹಾಕಿಟ್ಟಿದ್ದೆ. ಅಷ್ಟು ದೊಡ್ಡ ಕೆಲಸ ನನ್ನ ಜನ್ಮದಲ್ಲಿ ಇನ್ನೊಂದು ಬರುವುದಿಲ್ಲ ಎಂದೂ ಗೊತ್ತಿತ್ತು. ಬರಲೂ ಇಲ್ಲ. ಹೂಂ ಎನ್ನುವ ಮಾತು ಗಂಟಲ ತನಕ ಬಂದಿತ್ತು. ಒಂದು ಚೊಂಬು ನೀರು ಎರೆದೆ, ಇನ್ನೊಂದು ಎರೆದೆ.

"ಕೆತ್ತೀನಿ. ಗೇಟಲ್ಲೇ ಕೂತು, ಹಾಡಹಗಲು, ಯಜಮಾನ್ರ ಎದುರಿಗೆ. ಕಲ್ಲಲ್ಲಿ ನಿನ್ನ ಹೆಸರಿನ ಕೆಳಗಾದ್ರೂ ಸರಿ, ನಂದೊಂದು ಸಾಲು ಕೆತ್ತಿಸು."

"ಅದೆಂಗಾದದಕ್ಕ? ನಾನೇ ಮಾಡಿದ್ದು ಅಂತ ಊರೆಲ್ಲ ಏಳಾಗೈತೆ. ಪೇಪರ್ನೋರೂ ಬಂದು ಫೋಟ ಇಡ್ಕೊಂಡೋದ್ರು. ಈಗ ನನ್ನ ಮಾನ ಏನಾಗ್ಬೇಕು?"

"ಹಂಗಾರೆ ನೀನೇ ಕೆತ್ಕೊ."

"ಒಂಬತ್ತು ವರ್ಸದ ಮಖ ನೋಡಕ್ಕ."

"ಅದನ್ನೇ ನೋಡ್ತಾ ಇವ್ನಿ ಕಣಪ್ಪ, ಬಂದಾಗಿಂದ."

ಅವನು ಹಿತ್ತಲ ಬಾಗಿಲಿನಿಂದಲೇ ಹೋದ. ಕೂಸು ಅಷ್ಟು ಹೊತ್ತೂ ಅಳದೆ ಬೆಚ್ಚನೆ ನೀರಿಗೆ ಮೈ ಕೊಟ್ಟುಕೊಂಡು ಮಲಗಿತ್ತು. ಆ ವರ್ಷ ಗೌರಿ ಹಬ್ಬಕ್ಕೆ ಕಣ ಬರಲಿಲ್ಲ. ಬಂದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

ಐದನೇ ತಿಂಗಳಿಗೆ ಮಗಳನ್ನು ನಾಗಮಂಗಲಕ್ಕೆ, ಗಂಡನ ಮನೆಗೆ ಕಳಿಸಬೇಕಿತ್ತು. ಅದಕ್ಕೆ ಮುಂಚೆ ಗಂಜಾಂನ ನಿಮಿಷಾಂಬಾ ಗುಡಿಗೆ ಕೂಸನ್ನು ಕರೆದುಕೊಂಡು ಹೋಗಿ ಪೂಜೆ ಮಾಡಿಸಿದೆವು. ಹೊರಗೆ ಬಂದಾಗ ಮಗಳು, "ಅವ್ವ, ನೀ ಮಾಡಿದ್ದ ನಾನೊಂದ್ಸಲಾನೂ ನೋಡಿಲ್ಲ," ಎಂದು ಹಟ ಹಿಡಿದಳು. ಆಟೋದಲ್ಲಿ ಹೋದೆವು.

ಗೇಟಿನ ಮೇಲೆ ದೊಡ್ಡ ಮುಖ ಇತ್ತು. ಮಂಟಪದವನು ಹೊರಕ್ಕೇ ಉಬ್ಬಿಸಿ ಮಾಡಿ ಮುಗಿಸಿದ್ದ. ಚೆನ್ನಾಗಿ ಬಣ್ಣ ಬಳಿದಿದ್ದ. ಬಣ್ಣದಲ್ಲಿ ಅವನ ಕೈ ಯಾವತ್ತೂ ಒಳ್ಳೆಯದೇ. ನಾವು ಒಳಗೆ ನಡೆದು ಚಪ್ಪರದ ಹತ್ತಿರ ಹೋದೆವು. ಕೂಸು ನನ್ನ ಸೊಂಟದ ಮೇಲಿತ್ತು. ನಾಲ್ಕು ಮುಖಗಳನ್ನು ನೋಡಿ, ಬಾಯಿ ತುಂಬ ಜೊಲ್ಲು ಮಾಡಿಕೊಂಡು ಕೇಕೆ ಹಾಕಿ ನಕ್ಕಿತು. ಮಗಳು ಒಂದೊಂದರ ಮುಂದೆಯೂ ನಿಂತು ನಿಂತು ನೋಡಿದಳು.

ಕಾವಲಿಗಿದ್ದವನು ಸೀಟಿ ಹಿಡಿದು ಬಂದ. ಹೊಸಬ, ವಯಸ್ಸಾದವನು.

"ಅಜ್ಜಿ, ದೂರ ನಿಂತ್ಕಳಿ, ಮಗೀನ ಕೈ ತಗುಲ್ಸ್ಬೇಡಿ. ಇದು ಅಂತಿಂತಾದ್ದಲ್ಲ. ಹತ್ತು ಹೆಜ್ಜೆ ಇಂದಕ್ಕೆ ಬಂದು, ನೋಡ್ಕಂಡು ಆ ಕಡೀಕ್ ನಡೀರಿ, ಗೊತ್ತಾಯ್ತದೆ."

ಮಗಳು ಬಾಯಿ ತೆಗೆಯಲು ಹೋದಳು. ನಾನು ಬೇಡ ಎಂದು ಕಣ್ಣಲ್ಲೇ ಹೇಳಿದೆ. ಆ ಮನುಷ್ಯ ಬಿಸಿಲಲ್ಲಿ ನಿಂತು, ತನಗೆ ಹೇಳಿಕೊಟ್ಟದ್ದನ್ನು ಬಂದವರಿಗೆಲ್ಲ ಹೇಳುತ್ತಿದ್ದಾನೆ. ಅವನ ಜೊತೆ ನನಗೇನು ವ್ಯಾಜ್ಯ? ಅವನು ಹೇಳಿದ ಹಾಗೆ ಹಿಂದಕ್ಕೆ ಹೋಗಿ, ಆ ಕಡೆಗೆ ನಡೆದೆ.

"ನೋಡಿದ್ರಾ? ತಿರುಗ್ತಲ್ಲ," ಎಂದ.

"ತಿರುಗ್ತು," ಎಂದೆ. "ಯಾರಪ್ಪ ಮಾಡಿದ್ದು?"

"ಅಗೋ ಕಲ್ಮೇಲೆ ಬರ್ದವ್ರೆ. ಓದಕ್ಕೆ ಬತ್ತದಾ ಅಜ್ಜಿ?"

"ಬರ್ತದೆ," ಎಂದು ಕಲ್ಲಿನ ಹತ್ತಿರ ಹೋಗಿ, ಕೂಸನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಶಿಲ್ಪಿ ಎಂಬುದನ್ನು ಓದಿದೆ, ಅವನ ಹೆಸರನ್ನು ಓದಿದೆ, ಅವನ ಊರನ್ನೂ ಓದಿದೆ.

"ಚೆಂದಾಗಿ ಓದ್ತೀರಿ ಬುಡಿ," ಎಂದ ಕಾವಲಿನವನು.